ವಾರಕ್ಕೊಂದು ನೋಡುವ ಹುಡುಗಿ, ಒಂದೇ ಏಟಿಗೆ ಮುಗಿಸುವ ಹುಡುಗ

ಹುಡುಗ-ಹುಡುಗಿ ನಾಲ್ಕು ಮಾತಾಡಿಕೊಳ್ಳಲಿ ಅಂತ ಇಬ್ಬರನ್ನೂ ನಮ್ಮ ಮನೆಯ ಟೆರೇಸಿಗೆ ಕಳಿಸಿದ್ದೆವು. ಕೆಳಗೆ ಹಾಲ್‌ನಲ್ಲಿ ಎರಡೂ ಕಡೆಯ ಹಿರಿಯರು ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿನ್ನುತ್ತಾ ಮಳೆ, ಭತ್ತದ ರೇಟು, ಮೊಣಕಾಲು ನೋವು ಅಂತ ಸೇಫ್ ಆದ ವಿಷಯಗಳನ್ನು ಮಾತಾಡುತ್ತಿದ್ದರು. ನಾನು ಎರಡನೇ ಸುತ್ತಿನ ಮಿರ್ಚಿ ಎಣ್ಣೆಗೆ ಬಿಡುವಷ್ಟರಲ್ಲಿ ಹುಡುಗಿ ಮೆಟ್ಟಿಲು ಇಳಿದು ಬಂದಳು.

ಅಳುತ್ತಾ!

ಹುಡುಗಿ ಅಂದರೆ ನನ್ನ ಅಕ್ಕನ ಮಗಳು ಅಕ್ಷತಾ. (ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಹೊಸಪೇಟೆ ಚಿಕ್ಕ ಊರು.) ಅಪ್ಪ-ಅಮ್ಮ ಕಂಪ್ಲಿಯಲ್ಲಿ, ಇವಳು ನಮ್ಮ ಮನೆಯಲ್ಲಿದ್ದುಕೊಂಡು ಇಲ್ಲೇ ಕ್ಲಿನಿಕ್ ನಡೆಸುತ್ತಾಳೆ. ಹಲ್ಲಿನ ಡಾಕ್ಟರ್. ಊರಿನ ಎಷ್ಟೋ ಗಟ್ಟಿ ಗಂಡಸರನ್ನು ಕುರ್ಚಿಯಲ್ಲಿ ಮಲಗಿಸಿ ಕಣ್ಣೀರು ಹಾಕಿಸಿದವಳು. ಅಂಥವಳೇ ಅಳುತ್ತಾ ಬಂದರೆ?

ಅವಳ ಹಿಂದೆಯೇ ಹುಡುಗ ವಿರೂಪಾಕ್ಷ ಇಳಿದ. ಸಂಡೂರಿನವನು. ಉಕ್ಕಿನ ಕಾರ್ಖಾನೆಯೊಂದರಲ್ಲಿ ಫರ್ನೇಸ್ ಇಂಜಿನಿಯರ್, ಕುರೆಕುಪ್ಪದಲ್ಲಿ ರೂಮು. ಅವನ ಮುಖ ನೋಡಿದರೆ ಫರ್ನೇಸೇ ಅವನ ಕೈಯಲ್ಲಿ ಆರಿಹೋದಂತಿತ್ತು.

"ಲೇ ಅಕ್ಷತಾ, ಏನಾತು? ಏನಂದ್ರು ಅವರು?" ಅಂದಳು ನಮ್ಮಕ್ಕ ಗೌರಕ್ಕ, ಅಂದರೆ ಹುಡುಗಿಯ ಅಮ್ಮ.

"ಗುರುಗಳು ಸಾಯ್ತಾರಂತ ಹೇಳಿಬಿಟ್ರಮ್ಮಾ!"

ಎರಡೂ ಮನೆಯವರು ಒಂದೇ ಮಠದ ಭಕ್ತರು. (ಸಂಬಂಧ ಕೂಡಿ ಬಂದಿದ್ದೇ ಆ ಕಾರಣಕ್ಕೆ.) ಹುಡುಗನ ಅಪ್ಪ ಅರ್ಧ ಕಚ್ಚಿದ ಮಿರ್ಚಿಯನ್ನು ಪ್ಲೇಟಿಗೆ ವಾಪಸ್ ಇಟ್ಟರು. ಹುಡುಗನ ಅಮ್ಮ ಶಾರದಮ್ಮ ಎದ್ದೇ ನಿಂತರು.

"ಯಾರು? ನಮ್ಮ ಮಠದ ಅಜ್ಜಾರಾ? ನಿನಗ್ಯಾರು ಹೇಳಿದ್ರೋ ವಿರೂ?"

"ಮೊನ್ನಿ ಸೋಮವಾರ ನಾನ ಕಾಲಿಗೆ ಬಿದ್ದು ಬಂದೀನಲ್ರೀ, ಗಟ್ಟಿಮುಟ್ಟ ಇದ್ರು!" ಅಂದ ನಮ್ಮ ಭಾವ, ಅಂದರೆ ಹುಡುಗಿಯ ಅಪ್ಪ, ಆಗಲೇ ಮಠಕ್ಕೆ ಫೋನ್ ಹಚ್ಚಿಬಿಟ್ಟಿದ್ದರು.

"ಅಮ್ಮಾ, ಅವರಲ್ಲ. ಜಪಾನಿನ ಗುರುಗಳು" ಅಂದ ವಿರೂಪಾಕ್ಷ, ಸಣ್ಣ ದನಿಯಲ್ಲಿ.

"ಜಪಾನಿನಾಗೂ ಮಠ ಐತೇನು ನಮ್ದು?" ಇದು ಹುಡುಗನ ಅಪ್ಪ. ಅವರ ದನಿಯಲ್ಲಿ ದುಃಖದ ಜೊತೆಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಅಷ್ಟರಲ್ಲಿ ಫೋನ್ ಕನೆಕ್ಟ್ ಆಗಿ, ಅತ್ತ ಮಠದವರು "ಹೇಳ್ರಿ" ಅಂದರು. ಭಾವ ತಡಬಡಾಯಿಸಿದರು. "ಏನಿಲ್ರಿ... ಸುಮ್ನ ಮಾಡಿದ್ನಿ... ಅಜ್ಜಾರು ಆರಾಮದಾರಲ್ರೀ?" ಸ್ಪೀಕರ್‌ನಲ್ಲಿ ಉತ್ತರ ಇಡೀ ಹಾಲ್‌ಗೆ ಕೇಳಿಸಿತು. "ಈಗರ ಊಟ ಮಾಡಿ ಅಡ್ಡಾಗ್ಯಾರ್ರಿ. ಎಬ್ಬಸ್ಲೇನು?"

ಬೇಡ ಅಂದೆವು. ಎಲ್ಲರೂ ಒಟ್ಟಿಗೆ.

ಆದದ್ದು ಇಷ್ಟೇ. ಅಕ್ಷತಾಗೆ ಅನಿಮೆ ಹುಚ್ಚು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಜಪಾನಿನವರು ಚಿತ್ರ ಬಿಡಿಸಿ ಮಾಡುವ ಸೀರೀಸ್. ("ಕಾರ್ಟೂನಾ?" ಅಂತ ಒಮ್ಮೆ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು. ನೀವು ಕೇಳಬೇಡಿ.) ಈಗ ಅವಳು ನೋಡುತ್ತಿದ್ದುದರಲ್ಲಿ ಬೆಟ್ಟದೂರಿನ ಹುಡುಗಿಯೊಬ್ಬಳು ಬೆಳ್ಳನೆ ಕೂದಲಿನ ಗುರುವಿನ ಹತ್ತಿರ ಗಂಟೆ ಎರಕ ಹೊಯ್ಯುವುದು ಕಲಿಯುತ್ತಾಳೆ. ಎಲ್ಲಾ ಎಪಿಸೋಡ್ ಒಂದೇ ದಿನ ಬಿಟ್ಟಿದ್ದಾರೆ. ಆದರೂ ಅಕ್ಷತಾ ಮತ್ತು ಅವಳ ಇಬ್ಬರು ಗೆಳತಿಯರು ತಾವೇ ಒಂದು ಕಾನೂನು ಮಾಡಿಕೊಂಡಿದ್ದಾರೆ. ಭಾನುವಾರಕ್ಕೊಂದೇ ಎಪಿಸೋಡ್. ನೋಡಿದ ಮೇಲೆ ಫೋನಿನಲ್ಲಿ ಗಂಟೆಗಟ್ಟಲೆ ಚರ್ಚೆ. ಅವರ ಸವಾರಿ ಆಗ ಆರನೆಯದಕ್ಕೆ ಬಂದು ನಿಂತಿತ್ತು.

ವಿರೂಪಾಕ್ಷ? ವೀಕ್ಲಿ ಆಫ್ ದಿನ ಮಲಗಿದಲ್ಲೇ ಅಷ್ಟೂ ನುಂಗಿದ್ದಾನೆ.

ಟೆರೇಸಿನಲ್ಲಿ ಮೊದಲು ಎಲ್ಲ ಚೆನ್ನಾಗೇ ಇತ್ತು. ಇಬ್ಬರ ನಗುವೂ ಕೇಳಿಸುತ್ತಿತ್ತು. (ನಾನು ಒಣಹಾಕಿದ ಹಪ್ಪಳ ತರಲು ಹೋಗಿದ್ದೆ. ನಂಬಿ.) ನಾನು ಕೆಳಗಿಳಿದ ಮೇಲೆ, ಇಬ್ಬರಿಗೂ ಒಂದೇ ಹುಚ್ಚು ಅಂತ ಗೊತ್ತಾದ ಖುಷಿಯಲ್ಲಿ ಹುಡುಗ ಬಾಯಿಬಿಟ್ಟನಂತೆ. "ಅಯ್ಯ, ನೀವೂ ನೋಡಾಕತ್ತೀರಾ? ಒಂಬತ್ತನೇದ್ರಾಗ ಗುರುಗಳು ಸಾಯೋ ಸೀನು ಏನ್ ಮಸ್ತ್ ಐತಲ್ರೀ!"

ಮುಗೀತು.

"ತಿಳಿಸ್ತೀವ್ರಿ" ಅಂತ ಹೇಳಿ ಸಂಡೂರಿನವರು ಹೊರಟರು. ಸಂಬಂಧದ ಮಾತಿನಲ್ಲಿ ಈ ಶಬ್ದದ ಅರ್ಥ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕೇ?

ಮಾರನೇ ದಿನ ನನ್ನ ದವಡೆ ಹಲ್ಲಿನ ಅಪಾಯಿಂಟ್‌ಮೆಂಟ್. ಬಾಯಲ್ಲಿ ಹತ್ತಿ, ಒಂದು ಪೈಪು, ಅವಳ ಎರಡು ಬೆರಳು. ಅಂಥ ಹೊತ್ತಿನಲ್ಲಿ ಅಕ್ಷತಾ ಭಾಷಣ ಶುರುಮಾಡಿದಳು.

"ವಾರಕ್ಕೊಂದು ನೋಡಿದ್ರ ಆ ಗುರುಗಳು ವಾರಪೂರ್ತಿ ನನ್ನ ಜೋಡಿ ಇರ್ತಾರ ಚಿಕ್ಕಮ್ಮ. ಕ್ಲಿನಿಕ್ಕಿಗೆ ಬರ್ತಾರ, ಬಸ್‌ನಾಗ ಬರ್ತಾರ. ಇವರು ಒಂದ ದಿನದಾಗ ಪರಿಚಯ ಮಾಡ್ಕೊಂಡು, ಒಂದ ದಿನದಾಗ ಸಾಯಿಸಿ, ಸಂಜಿಕೆ ದ್ವಾಸಿ ತಿಂದಾರ! ರೂಟ್ ಕೆನಾಲ್ ಒಂದ ಸಿಟ್ಟಿಂಗ್‌ನಾಗ ಮುಗಿಸ್ರಿ ಅಂತ ಬರ್ತಾರಲ್ಲ, ಅಂಥಾ ಗಿರಾಕಿ. ಒಂದು ವಾರ ಕಾಯಾಕ ಆಗದವರು ನನ್ನ ಜೋಡಿ ಜೀವನ ಹೆಂಗ ಮಾಡ್ತಾರ?"

"ಆಂ... ಊಂ..." ಅಂದೆ.

"ನೋಡು, ನೀನೂ ಒಪ್ಪಿದಿ."

ನಾನೆಲ್ಲಿ ಒಪ್ಪಿದೆ? ಹುಡುಗ ಒಳ್ಳೆಯವನು ಅನ್ನಲು ಹೊರಟಿದ್ದೆ. ಇವಳಿಗೂ ಅವನು ಇಷ್ಟವಾಗಿದ್ದ. ಇಲ್ಲದಿದ್ದರೆ ಇಷ್ಟು ಸಿಟ್ಟು ಯಾಕೆ ಬರುತ್ತೆ? ಹಿಂದೆ ಬಂದು ಹೋದ ಮೂವರು ಹುಡುಗರ ಹೆಸರೂ ಅವಳಿಗೆ ನೆನಪಿಲ್ಲ. ಇವನನ್ನು ಮಾತ್ರ ಬೈಯುತ್ತಾ ಬೈಯುತ್ತಾ ನನ್ನ ಹಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚು ಸಿಮೆಂಟು ತುಂಬಿದಳು.

ಆ ವಾರವೇ ವಿರೂಪಾಕ್ಷ ನಮ್ಮ ಮನೆಗೆ ಬಂದ. ಅಕ್ಷತಾ ಕ್ಲಿನಿಕ್ಕಿನಲ್ಲಿರುವ ಹೊತ್ತು ನೋಡಿಕೊಂಡೇ ಬಂದ. ಬ್ಯಾಗಿನಿಂದ ಸಂಡೂರಿನ ಸೀತಾಫಲ ತೆಗೆದು ಟೇಬಲ್ ಮೇಲೆ ಸಾಲಾಗಿ ಜೋಡಿಸಿದ. ಇನ್ನೂ ಕಾಯಿ ಇದ್ದವು.

"ಎರಡು ದಿನ ಬಿಟ್ಟು ತಿನ್ರಿ" ಅಂದ.

"ನಿನಗೆ ಕಾಯೋದು ಗೊತ್ತೇನಪ್ಪಾ?" ಅಂದೆ.

ಪಾಪ, ಕಿವಿ ಕೆಂಪಾದವು. ಆದರೆ ಅವನದೂ ಒಂದು ವಾದ ಇತ್ತು. ಎರಡೂ ಕಡೆ ಕೇಳಬೇಕಲ್ಲ?

"ನಮ್ದು ಶಿಫ್ಟ್ ಡ್ಯೂಟಿ ರೀ ಆಂಟಿ. ಭಾನುವಾರ ಅನ್ನೋದು ಎಲ್ಲಾರಿಗೂ ಬರ್ತೈತಿ, ನಮಗ ಬರಂಗಿಲ್ಲ. ವಾರಕ್ಕೊಂದು ನೋಡಿದ್ರ ಮುಂದಿಂದು ಬರೋದ್ರಾಗ ಯಾರು ಯಾರ ತಮ್ಮ ಅನ್ನೋದ ಮರ್ತಿರ್ತೀನಿ. ಆಫ್ ಸಿಕ್ಕಾಗ ಕುಂತು ಮುಗಿಸಬೇಕು. ಫರ್ನೇಸ್ ಹೊತ್ತಿಸಿ, ಉಳಿದಿದ್ದು ಮುಂದಿನ ವಾರ ನೋಡೂಣು ಅಂತ ಆರಿಸಾಕ ಆಕ್ಕತೇನ್ರಿ? ಮ್ಯಾಲೆ, ತಡಾ ಮಾಡಿದ್ರ ರೂಮಿನ ಹುಡುಗ್ರು ಯಾರರ ಒಬ್ರು ಕಥಿ ಹೇಳೇಬಿಡ್ತಾರ."

"ಅಕ್ಷತಾಗೆ ಆದಂಗೆ?"

ಸೀತಾಫಲಗಳನ್ನು ಮತ್ತೊಮ್ಮೆ ಜೋಡಿಸಿದ.

ನಾನು ಯಾರ ಪಾರ್ಟಿ? ಕೇಳುವುದೇ ಬೇಡ, ನಾನೇ ವಾರಕ್ಕೊಂದು ಬಿಡುಗಡೆಯಾಗುವ ಹೆಂಗಸು. ವರ್ಷದ ಅಂಕಣಗಳನ್ನೆಲ್ಲ ಒಂದೇ ದಿನ ನಿಮ್ಮ ಮನೆಗೆ ತಂದು ಸುರಿದರೆ ಓದುತ್ತೀರಾ? (ಉತ್ತರ ಬರೆದು ಕಳಿಸಬೇಡಿ.) ಆದರೆ ಕಾಯುವುದರಲ್ಲಿ ಸುಖವಷ್ಟೇ ಇಲ್ಲ, ಅಪಾಯವೂ ಇದೆ. ಕಂಪ್ಲಿಯಲ್ಲಿ ನಾವು ಸಣ್ಣವರಿದ್ದಾಗ ಮನೆಗೆ ವಾರಪತ್ರಿಕೆ ಬರುತ್ತಿತ್ತು. ಧಾರಾವಾಹಿಯ ಪುಟ ಮೊದಲು ಗೌರಕ್ಕನ ಕೈಗೆ. ಓದಿ ಮುಗಿಸಿ ಬಂದು ನನ್ನ ಮುಂದೆ ನಿಲ್ಲುತ್ತಿದ್ದಳು. "ಪಾತ್ರಿ ತಿಕ್ಕತೀಯೋ, ಕಥಿ ಹೇಳಿಬಿಡ್ಲೋ?" ಅವಳ ಪಾಲಿನ ಎಷ್ಟು ಪಾತ್ರೆ ತಿಕ್ಕಿದ್ದೇನೋ ಲೆಕ್ಕವಿಲ್ಲ. ಇದಕ್ಕೆ ಸ್ಪಾಯ್ಲರ್ ಅನ್ನುವ ಶಬ್ದ ಹುಟ್ಟುವ ಮೊದಲೇ ನಮ್ಮಕ್ಕ ಅದರಿಂದ ಲಾಭ ಮಾಡಿಕೊಂಡವಳು. ಈಗ ಅವಳೇ "ಕಥಿ ಹೇಳಿದ್ದಕ್ಕ ಯಾರರ ಸಂಬಂಧ ಬಿಡ್ತಾರೇನು?" ಅಂತ ಮಗಳನ್ನು ಬೈಯುತ್ತಿದ್ದಾಳೆ!

"ಸಾರಿ ಕೇಳ್ಲೇನ್ರಿ?" ಅಂದ ವಿರೂಪಾಕ್ಷ.

"ಕೇಳಿದ್ರೆ ಗುರುಗಳು ಬದುಕ್ತಾರಾ?"

ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಆಮೇಲೆ ಹೇಳಿದ. "ಬರೋ ಭಾನುವಾರ ಹೊಸಾದೊಂದು ಶುರು ಆಕ್ಕತಿ. ವಾರಕ್ಕೊಂದ ಬಿಡ್ತಾರ, ಮುಂದಿಂದು ಯಾರಿಗೂ ಸಿಗಂಗಿಲ್ಲ. ಅದನ್ನ ಅವರ ಜೋಡೀನ ನೋಡ್ತೀನಿ ಅಂತ ಹೇಳ್ರಿ. ಅವರು ಅಲ್ಲಿ, ನಾನು ಇಲ್ಲಿ. ನೋಡಿದ ಮ್ಯಾಲೆ ಒಂದು ಫೋನು. ಸೀಸನ್ ಮುಗಿಯೋತನ ಮದುವಿ ಮಾತು ಯಾರೂ ಎತ್ತೋದು ಬ್ಯಾಡ. ಮುಗಿದ ಮ್ಯಾಲೆ ಅವರು ಬ್ಯಾಡ ಅಂದ್ರ ಬ್ಯಾಡ."

ಸಂಜೆ ಅಕ್ಷತಾಗೆ ಹೇಳಿದೆ. "ಆ ಹೊಸಾದ್ರ ಕಥಿ ಪುಸ್ತಕದಾಗ ಬಂದೈತಿ. ಮೊದಲ ಓದಿ ಇಟ್ಕೊಂಡ್ರ?" ಅಂದಳು. ಓದುವುದಿಲ್ಲ ಅಂತ ಮಾತು ಕೊಟ್ಟಿದ್ದಾನೆ ಅಂದೆ. "ನೋಡೂಣು" ಅಂದವಳು, ತೊಳೆದ ಟೀ ಲೋಟವನ್ನೇ ಮತ್ತೆ ತೊಳೆದಳು.

ಸಮಸ್ಯೆ ಬಂದದ್ದು ಹಿರಿಯರಿಂದ. ಶಾರದಮ್ಮ ಫೋನಿನಲ್ಲಿ ಹೌಹಾರಿದರು. "ಸೀಸನ್ ಅಂದ್ರ ಎಷ್ಟು ದಿನ್ರೀ? ಮುಂದಿನ ತಿಂಗಳು ಮಸ್ತ್ ಮುಹೂರ್ತ ಅದಾವ. ನಿಶ್ಚಿತಾರ್ಥ, ಮದುವಿ, ಮನಿ ತುಂಬಿಸ್ಕೊಳ್ಳೋದು, ಎಲ್ಲಾ ಒಂದ ವಾರದಾಗ ಜಲ್ದಿ ಮುಗಿಸಿಬಿಡೂಣು!"

ನೋಡಿದಿರಾ ನಿಜವಾಗಿ ಒಂದೇ ಏಟಿಗೆ ಮುಗಿಸುವ ಪಾರ್ಟಿ ಯಾರು ಅಂತ? ಬೆಳಿಗ್ಗೆ ಹೆಣ್ಣು ನೋಡಿ, ಮಧ್ಯಾಹ್ನ ಒಪ್ಪಿ, ಸಂಜೆ ಎಲೆ-ಅಡಿಕೆ ಕೊಟ್ಟು ಕೈತೊಳೆದುಕೊಳ್ಳುವವರು ನಾವು. ನಮ್ಮ ಕಾಲದ ಮದುವೆಗಳೆಲ್ಲ ಹೀಗೇ, ಇಡೀ ಸೀಸನ್ ಒಂದೇ ದಿನ ರಿಲೀಸ್. ನನ್ನ ಕಥಾನಾಯಕ ಲಾರಿಯ ಹಾಗೆ ಗೊರಕೆ ಹೊಡೆಯುತ್ತಾನೆ ಅನ್ನುವುದನ್ನು ಟ್ರೇಲರಿನಲ್ಲಿ ಯಾರೂ ತೋರಿಸಿರಲಿಲ್ಲ. (ಅವರು ಈ ಅಂಕಣ ಓದುವುದಿಲ್ಲ. ನೀವೂ ಹೇಳಬೇಡಿ.)

ಅಂತೂ ಶಾರದಮ್ಮ ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ? ಮಗ ಬೇರೆ ಹುಡುಗಿ ನೋಡಲು ಬರುವುದಿಲ್ಲ ಅಂದಿದ್ದ.

ಮೊದಲ ಭಾನುವಾರದ ಫೋನು ನಾಲ್ಕು ಮಾತಿಗೆ ಮುಗಿಯಿತು. ಹಾಡು ಚೆನ್ನಾಗೈತಿ, ಹೌದ್ರಿ, ಊಟ ಆತಾ, ಆತ್ರಿ. ಎರಡನೇ ಭಾನುವಾರ ಅವನು ಶಿಫ್ಟಿನಲ್ಲಿದ್ದ. ಊಟದ ಬಿಡುವಿನಲ್ಲಿ ಎಪಿಸೋಡ್ ನೋಡಿ ಕ್ಯಾಂಟೀನಿನಿಂದ ಫೋನ್ ಮಾಡಿದ. ತಟ್ಟೆಗಳ ಸದ್ದಿನ ನಡುವೆ ಇವಳು "ಅವನೇ ಕಳ್ಳ! ಆ ಛತ್ರಿ ಹಿಡ್ಕೊಂಡವನೇ ಕಳ್ಳ!" ಅಂತ ಕಿರುಚುತ್ತಿದ್ದಳು. ಬಾಗಿಲ ಮುಂದೆ ಹೋಗುತ್ತಿದ್ದ ತರಕಾರಿಯವನು ಗಾಡಿ ನಿಲ್ಲಿಸಿ ಇಣುಕಿ ನೋಡಿದ.

ಮುಂದೊಂದು ಭಾನುವಾರ ಅವನಿಗೆ ಆಫ್ ಸಿಕ್ಕಿತು. ಹಂಪಿಯಲ್ಲಿ ಭೇಟಿ ಅಂತಾಯಿತು. ಕಾವಲಿಗೆ ನಾನು. ಹೊಳೆದಂಡೆಯಲ್ಲಿ ದೊಡ್ಡ ಬಂಡೆಯ ನೆರಳು, ಒಂದು ಫೋನು, ಎರಡು ತಲೆ. ನಾನು ಮರ್ಯಾದೆಯ ದೂರದಲ್ಲಿ ಸೌತೆಕಾಯಿ ತಿನ್ನುತ್ತಾ ಕುಳಿತೆ. (ಕಿವಿ ಮಾತ್ರ ಸ್ವಲ್ಪ ಹತ್ತಿರದಲ್ಲಿತ್ತು.) ಕಥೆಯ ಛತ್ರಿಯವನು ಇನ್ನೇನು ಮುಖವಾಡ ತೆಗೆಯಬೇಕು, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಸ್ಕ್ರೀನಿನ ಮೇಲೆ ಚಕ್ರ ತಿರುಗುತ್ತಲೇ ಇತ್ತು.

ಈಗ ಹುಡುಗ ಚಡಪಡಿಸುತ್ತಾನೆ, ಸಿಗ್ನಲ್ ಹುಡುಕಿ ಬಂಡೆ ಹತ್ತುತ್ತಾನೆ ಅಂದುಕೊಂಡೆ. ಅವನು ಫೋನನ್ನು ಮಗುಚಿ ಕಲ್ಲಿನ ಮೇಲೆ ಇಟ್ಟ.

"ಇರ್ಲಿ ಬಿಡ್ರಿ. ಯಾರಿರಬಹುದು, ನೀವ ಹೇಳ್ರಿ."

ಅವಳು ಹೇಳಿದಳು. ಇವನು ಅಲ್ಲ ಅಂದ. ಅವಳು ಯಾಕಲ್ಲ ಅಂದಳು. ಸುಮಾರು ಹೊತ್ತಾದ ಮೇಲೆ ಅಕ್ಷತಾ ಇದ್ದಕ್ಕಿದ್ದಂತೆ, "ಹೋದ ಭಾನುವಾರ ಆ ಗುರುಗಳ ಕಥಿದು ಒಂಬತ್ತನೇದು ನೋಡಿದೆ" ಅಂದಳು.

ವಿರೂಪಾಕ್ಷ ಕಲ್ಲಿನ ಮೇಲಿನ ಫೋನನ್ನು ಇನ್ನಷ್ಟು ದೂರ ಸರಿಸಿದ.

"ಮೊದಲ ಗೊತ್ತಿದ್ರೂ ಭಾಳ ಅತ್ತೆ."

"ನಾನೂ ಅತ್ತಿದ್ನಿ" ಅಂದ ಅವನು. "ಆದ್ರ ಕಣ್ಣು ಒರಸ್ಕೊಳ್ಳೋದ್ರಾಗ ಹತ್ತನೇದು ತಾನ ಶುರು ಆಗಿಬಿಡ್ತು. ಅದರಾಗ ಎಲ್ಲಾರೂ ನಗಾಕತ್ತಿದ್ರು. ನಾನೂ ನಕ್ಕುಬಿಟ್ಟೆ. ಆಮ್ಯಾಲ ಯಾಕೋ ನನಗ ಕೆಟ್ಟನಿಸ್ತು."

ಅಕ್ಷತಾ ನನ್ನ ಕೈಯಿಂದ ಸೌತೆಕಾಯಿ ಚೀಲ ಕಸಿದುಕೊಂಡು ಹೋಗಿ ಅವನ ಮುಂದೆ ಇಟ್ಟಳು. ಉಪ್ಪು-ಖಾರದ ಪೊಟ್ಟಣ ಸಹಿತ.

ಸೀಸನ್ ಇನ್ನೂ ಮುಗಿದಿಲ್ಲ. ಹಾಗಾಗಿ ಅವಳು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಇಷ್ಟನ್ನು ಬರೆಯಲು ಮಾತ್ರ ಇಬ್ಬರೂ ಪರ್ಮಿಷನ್ ಕೊಟ್ಟಿದ್ದಾರೆ. ನಿಮಗೆ ಇದನ್ನು ಹೇಳಲೇಬೇಕು ಅನ್ನಿಸಿದ್ದು ಮೊನ್ನೆಯ ಭಾನುವಾರ ನಡೆದದ್ದರಿಂದ.

ಬೆಳಿಗ್ಗೆಯೇ ಆ ಸೀರೀಸ್‌ನವರು ಪ್ರಕಟಣೆ ಕೊಟ್ಟಿದ್ದರು, ಈ ವಾರ ಎಪಿಸೋಡ್ ಇಲ್ಲ, ಬಿಡುವು ಅಂತ. ಸಂಜೆಗೆ ಶಾರದಮ್ಮನ ಫೋನು ಬಂತು. ಈಗೀಗ ಅವರಿಗೂ ಎಲ್ಲ ಗೊತ್ತು. "ಈ ವಾರ ಇಲ್ಲಂತಲ್ರೀ? ಮತ್ತ ಹುಡುಗ್ರ ಫೋನೂ ಇಲ್ಲೇನು? ನನಗ್ಯಾಕೋ ಜೀವ ತಡೀವಲ್ದು, ಸ್ವಲ್ಪ ನೋಡಿ ಹೇಳ್ರಿ."

ಹೋಗಿ ನೋಡಿದೆ. ಅಕ್ಷತಾ ಹಿತ್ತಲ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತಿದ್ದಳು, ಫೋನು ಕಿವಿಗೆ ಅಂಟಿತ್ತು. ನಾನು ಟೀ ಇಟ್ಟು ಬಂದೆ, ಕುಡಿಯಲಿಲ್ಲ. ಕಾಳು ಬೇಯಿಸಿದೆ, ರೊಟ್ಟಿ ಬಡಿದೆ, ಪಲ್ಯಕ್ಕೆ ಒಗ್ಗರಣೆ ಹಾಕಿದೆ. ಇಣುಕಿದರೆ ಟೀ ಮೇಲೆ ಕೆನೆ ಕಟ್ಟಿತ್ತು, ಅವಳಿನ್ನೂ ನಗುತ್ತಿದ್ದಳು.

ಹೊಸ ಎಪಿಸೋಡೇ ಇಲ್ಲದ ಭಾನುವಾರ ಇವರಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದಾದರೂ ಏನು?