ಬರಾತಿನಲ್ಲಿ ಕೊಟ್ಟ ಬಾಟಲಿ

“ಮೊದಲನೇ ಸಲ ಎಲ್ಲಿ ಕುಡದ್ರಿ?” ಹುಮನಾಬಾದಿನಲ್ಲಿ ಕುಡಿತ ಬಿಡುವವರ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದಾಗ ನನ್ನ ತಮ್ಮ ತಲೆ ಎತ್ತದೆ ಹೇಳಿದ: “ನಮ್ಮಣ್ಣನ ಮದುವಿ ಬರಾತಿನ ಮೆರವಣಿಗ್ಯಾಗ್ರಿ. ಕುಣಿಯಾಕ ನಾಚಿ ನಿಂತಿದ್ದೆ. ‘ಎರಡು ಗುಟುಕು ಹಾಕ್ಕೋ, ಕಾಲು ತಾವೇ ಕುಣಿತಾವ’ ಅಂತ ಅಣ್ಣನೇ ಬಾಟ್ಲಿ ಕೈಯಾಗ ಕೊಟ್ಟ.”

ಆ ಅಣ್ಣ ನಾನೇ. ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ.

ಊರಿನವರ ಕಣ್ಣಿಗೆ ಬೀಳಬಾರದೆಂದು ಬಸವಕಲ್ಯಾಣದಿಂದ ಬಸ್ಸಿನಲ್ಲಿ ಅಷ್ಟು ದೂರ ಅವನನ್ನು ಕರೆತಂದವನು ನಾನು. ದಾರಿಯುದ್ದಕ್ಕೂ ಮನೆತನದ ಮಾನ ಕಳೆದೆ ಎಂದು ಬೈದವನೂ ನಾನೇ. ಮದುಮಗನಾಗಿ ಕೂತಿದ್ದ ಕುದುರೆ ಮೇಲಿಂದ ಬಾಗಿ ಬಾಟಲಿ ಕೊಟ್ಟದ್ದು ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ. ತಮ್ಮನ ದನಿಯಲ್ಲಿ ದೂರೂ ಇರಲಿಲ್ಲ. ಅಲ್ಲಿದ್ದವರು ಯಾರೂ ನನ್ನತ್ತ ತಿರುಗಲಿಲ್ಲ.

ನಮ್ಮ ಮದುವೆ ಆಲ್ಬಮ್ಮಿನಲ್ಲಿ ಎರಡೂ ಕೈ ಎತ್ತಿ ತಮ್ಮ ಕುಣಿಯುವ ಫೋಟೋ ಇದೆ. ಮನೆಗೆ ಬಂದವರಿಗೆಲ್ಲ ಅದನ್ನು ನಗುತ್ತ ತೋರಿಸುತ್ತಿದ್ದೆ. ಸಭೆಯಿಂದ ಬಂದ ಮೇಲೆ ಮತ್ತೆ ತೆಗೆದು ನೋಡಿದೆ. ಕುಣಿಯುತ್ತಿರುವ ಹುಡುಗನಿಗೆ ಆಗಿನ್ನೂ ಹತ್ತೊಂಬತ್ತು ವರ್ಷ. ಅವನ ಹಿಂದೆ, ಕುದುರೆಯ ಮೇಲೆ, ನಾನು ಚಪ್ಪಾಳೆ ತಟ್ಟುತ್ತಿದ್ದೇನೆ.