ಅಕ್ಕೋರು ಬೇಡಿದ ಮೂರು ದಿನ

ಮೊನ್ನೆ ಬಾಜೂ ಮನಿಯಾಕಿ ಮೊಮ್ಮಗಳಿಗೆ ಬೇಧಿ ಹತ್ತೇತಿ ಅಂತ ದಾಳಿಂಬರಿ ಸಿಪ್ಪಿ ಕುದಿಸಾಕತ್ತಿದ್ಲು. ಆ ಒಗರು ವಾಸನಿ ಗ್ವಾಡಿ ದಾಟಿ ನಮ್ಮ ಅಡಗಿಮನಿಗೆ ಬಂತು. ರೊಟ್ಟಿ ಬಡಿಯೂದು ಬಿಟ್ಟು ನಾನು ಹಂಗ ನಿಂತೆ. ಐವತ್ತು ದಾಟಿದ ಹೆಂಗಸು, ಮೊಮ್ಮಕ್ಕಳನ್ನ ಕಂಡಾಕಿ, ಒಂದು ವಾಸನಿಗೆ ಇನ್ನೂ ನನ್ನ ಕೈಕಾಲು ತಣ್ಣಗಾಗ್ತಾವು ಅಂದ್ರ ಯಾರರ ನಂಬ್ತಾರೇನು? ಆದ್ರ ಆದ್ವು. ಅದರ ಬೆನ್ನಿಗೇ ನಮ್ಮ ಅಕ್ಕೋರು ನೆನಪಾದ್ರು... ಎಂಬತ್ತರ ದಶಕದಾಗ ತಿರ್ಲಾಪುರದ ಸಾಲ್ಯಾಗ ನನಗ ಐದನೆ ಇಯತ್ತೆ ಕಲಿಸಿದಾವರು. ಹುಬ್ಬಳ್ಳಿಯವರು, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ನಮ್ಮ ಮನಿಯ ಮುಂದಿನ ಖೋಲಿಯೊಳಗ ಬಾಡಿಗಿಗೆ ಇದ್ರು.

ನಮ್ಮ ಮನ್ಯಾಗ ಹೊಟ್ಟಿ ಸುದ್ದಿ ದಿನಾ ಮುಂಜಾನೆ ಆಗ್ತಿತ್ತು. ಅಜ್ಜ ರಾತ್ರಿ ಸೋನಾಮುಖಿ ನೆನಿಸಿದ ನೀರು ಕುಡಿದು ಮಲಗಾವ. ಮುಂಜಾನೆ ತಂಬಿಗಿ ಹಿಡಕೊಂಡು ಹೊರಕಡಿಗೆ ಹೋಗಿ ಬಂದು, ಕಟ್ಟಿ ಮ್ಯಾಲೆ ಕುಂತು, "ಇವತ್ತ ಅಗದಿ ಹಗುರಾತು ನೋಡು" ಅಂದ್ರ ಮನಿಮಂದಿಗೆಲ್ಲ ಸಮಾಧಾನ. ಆಗಲಿಲ್ಲ ಅಂದ್ರ ಅವತ್ತ ಯಾರಿಗೂ ಸುಖ ಇಲ್ಲ. ನನ್ನ ತಮ್ಮ ಇನ್ನೂ ಆರು ತಿಂಗಳ ಕೂಸು. ಅವಂದು ಒಂದು ದಿನ ತಪ್ಪಿದ್ರ ಓಣಿಯ ನಾಕು ಹೆಂಗಸರು ಕೂಡಿ, ವೀಳ್ಯದೆಲಿ ತೊಟ್ಟು ಔಡಲೆಣ್ಯಾಗ ಅದ್ದಿ ಹಿಂದ ಹಚ್ಚಿ, ಬಂದ ಮ್ಯಾಲೆ ಅದರ ಬಣ್ಣಾನೂ ಮಾತಾಡಾವರು. ಮುದುಕಂದೂ ಸುದ್ದಿ, ಕೂಸಿಂದೂ ಸುದ್ದಿ. ನಡುವಿನ ಹೆಣ್ಮಕ್ಕಳಿಗೆ ಹೊಟ್ಟಿ ಐತೋ ಇಲ್ಲೋ ಅಂತ ಮಾತ್ರ ಯಾರೂ ಕೇಳಲಿಲ್ಲ. ನಮ್ಮವ್ವ ಆ ಮಾತು ಎತ್ತಿದ್ದು ನಾ ಎಂದೂ ಕೇಳಿಲ್ಲ.

ಹೆಂಗಸರು ನಸುಕಿನ್ಯಾಗ ಒಮ್ಮೆ ಹೋಗಬೇಕು, ಹೊತ್ತು ಮುಳುಗಿದ ಮ್ಯಾಲೆ ಒಮ್ಮೆ. ನಡುವ ಬಂದ್ರ ತಡಕೋಬೇಕು. ಹತ್ತಿ ಎದಿಮಟ ನಿಂತಾಗ ಒಂದಿಷ್ಟು ಆಸರ ಇರ್ತಿತ್ತು. ಹತ್ತಿ ಕಟ್ಟಿಗಿ ಕಿತ್ತು ಮನಿ ಹಿತ್ತಲಕ್ಕ ಹೇರಿಕೊಂಡು ಬಂದ ಮ್ಯಾಲೆ ಏನೈತಿ? ಕಣ್ಣು ಹಾಯೂಮಟಾ ಎರಿ ಹೊಲ, ಒಂದು ಗಿಡ ಇಲ್ಲ, ಒಂದು ದಿಬ್ಬ ಇಲ್ಲ.

ಅಂಥಾ ಒಂದು ಸಂಜಿ ಅವ್ವನ ಸಂಗಾಟ ಹೋಗಿದ್ದೆ. ಬಂಡಿ ಹಾದ್ಯಾಗ ಒಂದು ಟ್ರ್ಯಾಕ್ಟರ್ ಗಕ್ಕನ ತಿರುಗಿತು, ಅದರ ಬೆಳಕು ನಮ್ಮ ಮ್ಯಾಲೆ ಬಿತ್ತು. ಹೆಂಗಸರೆಲ್ಲ ಸೀರಿ ಇಳಿಬಿಟ್ಟು ದಡದಡ ಎದ್ದು ನಿಂತ್ರು. ನನಗ ತಿಳೀಲಿಲ್ಲ, ನಾ ಕುಂತ ಬಿಟ್ಟೆ. ಬೆಳಕಿನ್ಯಾಗ ನಾ ಒಬ್ಬಾಕೆನ. ಟ್ರ್ಯಾಕ್ಟರ್ ಮ್ಯಾಲಿಂದ ಯಾರೋ ಹೋ ಅಂತ ನಕ್ಕರು... ಅವ್ವ ರಟ್ಟಿ ಹಿಡದು ಎಳದು ನಿಲ್ಲಿಸಿದ್ಲು. ಇಷ್ಟ ರೀ. ಇನ್ನೇನೂ ಆಗಲಿಲ್ಲ. ಆದ್ರ ಆ ನಗು ನನ್ನ ಹೊಟ್ಟ್ಯಾಗ ಹೊಕ್ಕು ಕುಂತುಬಿಡ್ತು.

ಮರುದಿನದಿಂದ ತಂಬಿಗಿ ಹಿಡಕೊಂಡು ಹೋಗೂದು, ನೀರು ಚೆಲ್ಲಿ ಬರೂದು ಸುರು ಮಾಡಿದೆ. ಬಂತು ಅನಿಸಿದ್ರ ಕಾಲು ಬಿಗಿಹಿಡದು ನಿಲ್ಲತಿದ್ದೆ, ಅದು ಹಿಂದ ಸರೀತಿತ್ತು. ನಾಕು ದಿನಕ್ಕ ಹೊಟ್ಟಿ ನೋವು ಹತ್ತಿತು. ಕುಂತ್ರ ಹರದು ಹೋಗ್ತೀನಿ ಅಂತ ಅಂಜಿಕಿ. ಮೊದಲು ಬೆಳಕಿಗೆ ಅಂಜತಿದ್ದೆ, ಆಮ್ಯಾಲೆ ನನ್ನ ಹೊಟ್ಟಿಗೇ ಅಂಜಾಕ ಹತ್ತಿದೆ. ಏಳನೇ ದಿನಕ್ಕೇನೋ ನನಗ ಗೊತ್ತಿಲ್ಲದಂಗ ಲಂಗಕ್ಕ ಹತ್ತಿತ್ತು. ತೆಳ್ಳಗ, ನೀರಿನಂಗ. ಸಾಲ್ಯಾಗ ಹುಡುಗೂರು ಮೂಗು ಮುಚ್ಚಿಕೊಂಡು ಸರದು ಕುಂತ್ರು.

ಅವ್ವ ಬೆನ್ನಿಗೆ ಎರಡು ಗುದ್ದಿದ್ಲು. "ಬೇಧಿ ಹತ್ತೇತಿ ಅಂತ ಹೇಳಾಕ ಬಾಯಿ ಇಲ್ಲೇನ ನಿನಗ?" ನನಗೂ ಬೇಧೀನ ಇರಬೇಕು ಅನಿಸ್ತು. ಅವತ್ತಿನಿಂದ ರೊಟ್ಟಿ ಬಂದ್, ಪಲ್ಯ ಬಂದ್. ನೀರು ಕುಡದಷ್ಟೂ ಹೋಗ್ತೈತಿ ಅಂತ ನೀರೂ ಗುಟುಕು ಗುಟುಕು. ಮೂರು ಹೊತ್ತು ದಾಳಿಂಬರಿ ಸಿಪ್ಪಿ ಕಷಾಯ. ಅದು ಹೊಟ್ಟಿ ಕಟ್ಟೂ ಔಷಧ ರೀ! ಕಟ್ಟಿದ ಹೊಟ್ಟಿಗೇ ಮತ್ತಷ್ಟು ಕಟ್ಟಾಕ ಕೊಟ್ರು. ಲಂಗಕ್ಕ ಹತ್ತೂದು ನಿಲ್ಲಲಿಲ್ಲ. ಆಗ ಅಜ್ಜ ಕಟ್ಟಿ ಮ್ಯಾಲಿಂದ ಅಂದ: "ಅಮಾಸಿಗೆ ಬರಿ ಹಾಕಸೂಣು."

ಬರಿ ಅಂದ್ರ ಏನಂತ ಆ ಊರಾಗ ಹುಟ್ಟಿದ ಕೂಸಿಗೂ ಗೊತ್ತು. ಕುಡಗೋಲ ತುದಿ ಕೆಂಪಗ ಕಾಸಿ ಹೊಟ್ಟಿ ಮ್ಯಾಲೆ ಹಚ್ಚೂದು. ಅದನ್ನ ಹಾಕಾವ ಒಬ್ಬ ಮುದುಕ ಬಾಜೂ ಊರಿಂದ ಅಮಾಸಿಗೊಮ್ಮೆ ಬರತಿದ್ದ. ಹಿಂದಿನ ಮನಿ ಹುಡುಗಿಗೆ ಹಾಕಿದಾಗ ಅಕಿ ಚೀರಿದ್ದು ನಾ ಕೇಳಿದ್ದೆ, ವಾಸನೀನೂ ಬಂದಿತ್ತು. ಅಪ್ಪ ಅಜ್ಜನ ಮಾತು ಮೀರಾವಲ್ಲ. ಅವ್ವಗ ಮಾವನ ಮುಂದ ದನೀನ ಇಲ್ಲ. ಅಮಾಸಿಗೆ ಇನ್ನ ನಾಕು ದಿನ ಇತ್ತು. ಹೊಟ್ಟಿ ಮ್ಯಾಲೆ ಕೈ ಇಟ್ಟುಕೊಂಡು, ಇಲ್ಲೆ ಹಚ್ಚತಾರೇನು, ಇಲ್ಲೆ ಹಚ್ಚತಾರೇನು ಅಂತ ಮುಟ್ಟಿ ಮುಟ್ಟಿ ನೋಡಕೊಳ್ತಿದ್ದೆ.

ಮರುದಿನ ಸಾಲ್ಯಾಗ ಗ್ವಾಡಿ ಹಿಡದು, ತುದಿಗಾಲಿನ ಮ್ಯಾಲೆ ಬೆವತು ನಿಂತಿದ್ದೆ. ಅಕ್ಕೋರು ಸಮೀಪ ಬಂದ್ರು. ಮೂಗು ಮುಚ್ಚಲಿಲ್ಲ.

"ಬೇಧಿ ಹತ್ತಿದವರು ಓಡ್ತಾರವಾ. ನೀ ಯಾಕ ಹಿಂಗ ಬಿಗಿಹಿಡದು ನಿಂತೀ?"

ನಾ ಅಳಾಕ ಹತ್ತಿದೆ. ಅವರು ತಮ್ಮ ಖೋಲಿಗೆ ಕರಕೊಂಡು ಹೋಗಿ, ಚಾಪಿ ಮ್ಯಾಲೆ ಮಲಗಿಸಿ, ಎಡಗಡೆ ಕಿಬ್ಬೊಟ್ಟಿ ಮೆಲ್ಲಗ ಒತ್ತಿ ನೋಡಿದ್ರು. ನನ್ನ ಕೈನೂ ಅಲ್ಲಿ ಇಡಿಸಿದ್ರು. ಗಟ್ಟಿ ಹೆಂಟಿ ಕೈಗೆ ಹತ್ತಿದ್ವು. ಬರೊಬ್ಬರಿ ಕುಂತು ಎದ್ದು ಎಷ್ಟು ದಿನ ಆತು ಅಂತ ಕೇಳಿದ್ರು. ಹತ್ತು ದಿನ ಅಂದೆ. ಅವರ ಮಾರಿ ಸಣ್ಣದಾತು.

ಆ ಸಂಜಿ ಅಜ್ಜ ಇನ್ನಿಬ್ಬರು ಹಿರೇರ ಸಂಗಾಟ ಕಟ್ಟಿ ಮ್ಯಾಲೆ ಕುಂತಿದ್ದ. ಅಕ್ಕೋರು ಗಂಡಸರ ಮುಂದ ತಲಿ ಎತ್ತಿ ಮಾತಾಡಾವರಲ್ಲ. ನೀರು ಕೇಳಬೇಕಾದ್ರೂ ಅವ್ವನ್ನ ಕರೀತಿದ್ರು. ಅವತ್ತ ಸೆರಗು ಹೊದ್ದು ಕಟ್ಟಿ ಮುಂದ ಬಂದು ನಿಂತ್ರು. ನಾ ಬಾಗಲ ಹಿಂದ ಇದ್ದೆ.

"ಅಜ್ಜಾರ, ಈಕೀದು ಬೇಧಿ ಅಲ್ರಿ. ಒಳಗ ಕಟ್ಟೇತಿ. ಕಟ್ಟಿದ್ದರ ಬಾಜೂಲೆ ತೆಳ್ಳಂದು ಜಾರಾಕತ್ತೇತಿ. ಬರಿ ಹಾಕಸಬ್ಯಾಡ್ರಿ."

"ಅಕ್ಕೋರ, ನಿಮ್ಮ ಪಾಠ ಸಾಲ್ಯಾಗ ಇರಲಿ. ಇದರದು ನಿಮಗೇನ ಗೊತ್ತು?"

ಮುಗೀತು ನನ್ನ ಕತಿ ಅಂದುಕೊಂಡೆ. ಅಕ್ಕೋರು ನೆಲ ನೋಡಿಕೊಂತ ಹೇಳಿದ್ರು. "ನನಗೂ ಆಗಿತ್ರಿ. ಟ್ರೇನಿಂಗಿಗೆ ಹೋದಾಗ ಅಲ್ಲೆ ಸಂಡಾಸಿಗೆ ಬಾಗಲಾನ ಇರಲಿಲ್ಲ. ಹಿಂಗ ತಡಕೊಂಡು, ನನ್ನ ಸೀರಿಗೂ ಹತ್ತಿತ್ರಿ. ಹುಬ್ಬಳ್ಳಿ ಡಾಕ್ಟರಬಾಯಿ ತಿಳಿಸಿ ಹೇಳಿದ್ಲು. ಈಗೂ ನಿಮ್ಮ ಊರಾಗ ನಾ ಶನಿವಾರ ಬಸ್ ಹತ್ತೂಮಟಾ ತಡಕೊಂಡ ಇರ್ತೀನ್ರಿ."

ಅಯ್ಯ ಶಿವನ! ಲಗ್ನಾ ಆಗದ ಹುಡುಗಿ, ಸಾಲಿ ಅಕ್ಕೋರು, ಮೂರು ಮಂದಿ ಗಂಡಸರ ಮುಂದ... ಒಬ್ಬ ಹಿರ್ಯಾ ಮಾರಿ ಅತ್ತಾಗ ಮಾಡಿದ. ಇನ್ನೊಬ್ಬ ಧೋತರದ ಚುಂಗಿನ್ಯಾಗ ನಕ್ಕ. ಅಜ್ಜನ ಕೈಯಾಗಿನ ತಂಬಾಕ ಹಂಗ ಉಳೀತು.

"ಮೂರು ದಿನ ಕೊಡ್ರಿ," ಅಂದ್ರು ಅಕ್ಕೋರು. "ಅಮಾಸಿ ದಿನ ಮುಂಜಾನಿತನ. ಆಗಲಿಲ್ಲಂದ್ರ ನೀವು ಹೇಳಿದಂಗ."

ಅಜ್ಜ ಹೂಂ ಅಂದ. ಒಪ್ಪಿ ಅಂದನೋ, ಅಕ್ಕೋರು ಲಗೂನ ಅಲ್ಲಿಂದ ಹೋಗ್ಲಿ ಅಂತ ಅಂದನೋ, ನನಗ ಇವತ್ತಿಗೂ ತಿಳಿದಿಲ್ಲ.

ಮರುದಿನ ಅವರು ಸಾಲಿಗೆ ರಜಾ ಹಾಕಿ ನವಲಗುಂದಕ್ಕ ಹೋದ್ರು. ದವಾಖಾನಿ ಡಾಕ್ಟರನ್ನ ಕೇಳಿ ಒಂದು ಬಾಟ್ಲಿ ಗ್ಲಿಸರಿನ್ನು, ಒಂದು ರಬ್ಬರಿನ ಪಿಚಕಾರಿ ತಂದ್ರು. ಕಷಾಯ ಚೆಲ್ಲಿಸಿದ್ರು. ತಾಸಿಗೊಂದು ವಾಟೆ ಉಗುರು ಬೆಚ್ಚಗಿನ ನೀರು ಕುಡಿಸಿದ್ರು. ಎರಡನೇ ದಿನ ಪಿಚಕಾರಿಯಿಂದ ಹಿಂದ ಗ್ಲಿಸರಿನ್ನು ಹಾಕಿದ್ರ ಎರಡು ಆಡಿನ ಹಿಕ್ಕಿಯಷ್ಟು ಬಂತು, ರಕ್ತಾನೂ ಬಂತು. ನಾ ಮತ್ತ ಬಿಗಿಹಿಡದೆ. ಅಕ್ಕೋರು ಬೈಲಿಲ್ಲ, ಯಾತಕ್ಕ ಅಂಜತೀ ಅಂತ ಕೇಳಿದ್ರು. ಟ್ರ್ಯಾಕ್ಟರಿನ ಬೆಳಕು, ಆ ನಗು, ಎಲ್ಲಾ ಹೇಳಿದೆ. ಅವ್ವಗೂ ಹೇಳಿರಲಿಲ್ಲ ನಾನು.

ಅದನ್ನ ಕೇಳಿ ಅಕ್ಕೋರು ಎದ್ದು ಹಿತ್ತಲಕ್ಕ ಹೋದ್ರು. ಒಟ್ಟಿದ್ದ ಹತ್ತಿ ಕಟ್ಟಿಗಿ ತಂದು, ಮೂಲ್ಯಾಗ ಎದಿಮಟ ತಟ್ಟಿ ನಿಲ್ಲಿಸಿ, ಮುಂದ ಒಂದು ಗೋಣಿಚೀಲ ಇಳಿಬಿಟ್ರು. ಅವ್ವ ಸಲಕಿ ತಂದು ತಗ್ಗು ತೋಡಿದ್ಲು, ಎರಡು ಕಲ್ಲು ಇಟ್ಲು. ಕೈ ತುಂಬ ಮುಳ್ಳು ಚುಚ್ಚಿದಂಗ ಗೀರು ಬಿದ್ದಿದ್ವು ಅಕ್ಕೋರಿಗೆ.

ಅಮಾಸಿ ಬಂತು. ಹೊತ್ತೇರಿತ್ತು. ಬಿಸಿ ಚಾ ಕುಡಿಸಿ, ಪಿಚಕಾರಿ ಹಾಕಿ ನನ್ನನ್ನ ಆ ತಟ್ಟಿಯೊಳಗ ಕುಂಡರಿಸಿದ್ರು. ನಮ್ಮ ಮನ್ಯಾಗ ಹೆಣ್ಣೊಂದು ಹಗಲಹೊತ್ತಿನ್ಯಾಗ ಹಂಗ ಕುಂತದ್ದು ಅದಾ ಮೊದಲು. ಮುಂದಿನ ಅಂಗಳದಾಗ ಆ ಮುದುಕ ಬಂದಿದ್ದ. ಕುಳ್ಳಿನ ಹೊಗಿ ಹಿತ್ತಲಕ್ಕ ಬಂತು. "ಕುಡಗೋಲು ಕಾಯಾಕತ್ತೇತ್ರಿ ಗೌಡ್ರ, ಹುಡುಗಿನ್ನ ಕರೀರಿ" ಅಂದದ್ದು ಕೇಳಿಸ್ತು. ಹೊಟ್ಟಿ ಕಲ್ಲಾತು.

ಗೋಣಿಚೀಲದ ಆಚಿಗೆ ಅಕ್ಕೋರು ನನಗ ಬೆನ್ನು ಮಾಡಿ ಕುಂತಿದ್ರು. "ಹದಿಮೂರರ ಮಗ್ಗಿ ಹೇಳು," ಅಂದ್ರು. ಈಗ? ಇಂಥಾ ಹೊತ್ತಿನ್ಯಾಗ? "ಹೇಳವಾ. ಜೋರ ಹೇಳು. ಉಸರು ಹಿಡೀಬ್ಯಾಡ." ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು... ಹದಿಮೂರೇಳಲೆಗೆ ತಪ್ಪಿದೆ. ಅವರು ತಿದ್ದಿದ್ರು. ಅಜ್ಜ ಅವ್ವನ್ನ ಕೂಗಿದ. ಅವ್ವ ಹೋಗಲಿಲ್ಲ, ಹಿತ್ತಲ ಬಾಗಲದಾಗ ಅಡ್ಡ ನಿಂತ್ಲು. ಹದಿಮೂರೊಂಬತ್ಲೆ ಅನ್ನೂದರಾಗ ನಾ ಚೀರಿದೆ. ಹರಿದಂಗಾತು, ಕಣ್ಣು ಕತ್ತಲಿಟ್ವು, ಬೆವರು ಇಳೀತು. ಬಂತು... ಎಲ್ಲಾ ಬಂತು.

ಅವ್ವ ಒಳಗ ಬಗ್ಗಿ ನೋಡಿದ್ಲು. ಮಾವನ ಮುಂದ ಬಾಯಿ ತೆಗೀದಾಕಿ, ಓಣಿಗೆಲ್ಲ ಕೇಳೂವಂಗ ಒದರಿದ್ಲು: "ಆತ್ರಿ ಮಾವಾರ! ಆತು! ಅವನ್ನ ಹೊಳ್ಳಿ ಕಳಸ್ರಿ!"

ಅಕ್ಕೋರು ಎದ್ದು ಬಂದು ತಾವ ನನಗ ನೀರು ಹಾಕಿದ್ರು. ನಗಾಕತ್ತಿದ್ರೋ ಅಳಾಕತ್ತಿದ್ರೋ ಹೇಳಾಕ ಬರೂದಿಲ್ಲ.

ದಿನಾ ಎದ್ದ ಕೂಡ್ಲೆ ಬಿಸಿನೀರು, ರೊಟ್ಟಿ ಜೋಡಿ ತಪ್ಪಲ ಪಲ್ಯ, ಉಂಡ ಮ್ಯಾಲೆ ಸ್ವಲ್ಪ ಹೊತ್ತು ತಟ್ಟಿಯೊಳಗ ಕುಂಡರೂದು, ಬಂದದ್ದನ್ನ ಎಂದೂ ತಡೀಬಾರದು. ಇಷ್ಟ ಅವರು ಹೇಳಿದ್ದು. ತಿಂಗಳೊಪ್ಪತ್ತಿನ್ಯಾಗ ನಾ ಮೊದಲಿನಂಗಾದೆ. ಆಮ್ಯಾಲೆ ಹೆಂಗಸರು ಕದ್ದು ಮುಚ್ಚಿ ಅವರ ಖೋಲಿಗೆ ಬರಾಕ ಹತ್ತಿದ್ರು. ನೀರು ಕುಡದ್ರ ಬಾವು ಬರ್ತೈತಿ ಅಂತ ಒಣಗಿಸಿ ಇಟ್ಟ ಬಾಣಂತಿ ಬಂದ್ಲು. ಏಳು ತಿಂಗಳ ಬಸುರಿ ಬಂದ್ಲು. ಹಲ್ಲಿಲ್ಲದ್ದಕ್ಕ ಬರೇ ಅನ್ನ ನುಂಗೂ ಮುದುಕಿ ಬಂದ್ಲು. ಎಲ್ಲಾರಿಗೂ ನೀರು ಕುಡಿ, ತಡಕೋಬ್ಯಾಡ ಅಂತಿದ್ರು. ತಡಕೋಬ್ಯಾಡ ಅನ್ನೂದು ಸುಲಭ, ಎಲ್ಲಿಗೆ ಹೋಗಬೇಕ್ರಿ ಅಂತ ಆ ಬಸುರಿ ಕೇಳಿದ್ಲಂತ.

ಆದ್ರ ಕಟ್ಟಿ ಮ್ಯಾಲಿನ ಮಾತು ಕಟ್ಟಿ ಮ್ಯಾಲೆ ಉಳೀಲಿಲ್ಲ. ಸಾಲಿ ಗ್ವಾಡಿ ಮ್ಯಾಲೆ ಯಾರೋ ಇದ್ದಲಿಲೆ 'ಸಂಡಾಸ ಅಕ್ಕೋರು' ಅಂತ ಬರದ್ರು. ಶನಿವಾರ ಅವರು ಬಸ್ಸಿಗೆ ನಿಂತ್ರ, "ಲಗೂ ಹೋಗ್ರಿ, ತಡಕೋಬ್ಯಾಡ್ರಿ!" ಅಂತ ಗಂಡಸರು ನಗಾವರು. ಅಕ್ಕೋರು ಮತ್ತ ತಲಿ ತಗ್ಗಿಸಿದ್ರು. ಆ ವರ್ಷದ ಕಡೀಕ ಕಲಘಟಗಿ ಕಡೆ ವರ್ಗ ಮಾಡಿಸಿಕೊಂಡ್ರು. ಹೊಂಟ ದಿನ ಬಸ್ ಸ್ಟ್ಯಾಂಡಿನ್ಯಾಗ ಟ್ರಂಕ್ ಬಾಜೂಕ ಇಟ್ಟುಕೊಂಡು ಒಬ್ಬರ ನಿಂತಿದ್ರು. ನಾ ಗೆಳತ್ಯಾರ ನಡುವ ಇದ್ದೆ. "ಲೇ, ನಿಮ್ಮ ಅಕ್ಕೋರು ಹೊಂಟಾರ ನೋಡು, ಹೋಗು," ಅಂತ ಒಬ್ಬಾಕಿ ಚುಡಾಯಿಸಿದ್ಲು. "ನನಗೇನ ಆಗಬೇಕಾಗೇತಿ ಅಕಿ?" ಅಂದೆ ನಾ. ಜೋರನ ಅಂದೆ. ಅಕ್ಕೋರಿಗೆ ಕೇಳಿಸ್ತೋ ಇಲ್ಲೋ... ಕೇಳಿಸಿರಬೇಕು. ಅವರು ಬಸ್ ಬರೂ ದಿಕ್ಕಿಗೆ ಮಾರಿ ತಿರುವಿದ್ರು.

ಮರುವರ್ಷ ನನ್ನ ತಮ್ಮಗ ಮೊಲಿ ಬಿಡಿಸಿ ಎಮ್ಮಿ ಹಾಲಿಗೆ ಹಚ್ಚಿದ್ರು. ಹೊಟ್ಟಿ ಕಟ್ತು. ವೀಳ್ಯದೆಲಿ ತೊಟ್ಟು ಹಚ್ಚಿದ್ರೂ ಬರಲಿಲ್ಲ. ಆರು ದಿನ ಅತ್ತ, ಆಮ್ಯಾಲೆ ತೆಳ್ಳಗ ಜಾರಾಕ ಹತ್ತಿತು. ಅಜ್ಜ ಅದಾ ಮುದುಕನಿಗೆ ಹೇಳಿ ಕಳಿಸಿದ. "ಅಕ್ಕೋರು ಇದ್ದಿದ್ರ..." ಅಂದ್ಲು ಅವ್ವ. "ಅದು ದೊಡ್ಡ ಹುಡುಗಿ, ಇದು ಕೂಸು. ನೀ ಸುಮ್ಮನಿರು," ಅಂದ ಅಜ್ಜ. ಅವ್ವ ನನ್ನ ಮಾರಿ ನೋಡಿದ್ಲು. ಮನ್ಯಾಗ ಅದರ ಕತಿ ಮೈಯಾರೆ ತಿಳಿದಾಕಿ ನಾ ಒಬ್ಬಾಕೆನ. ಇದು ಬೇಧಿ ಅಲ್ಲ ಅಂತ ಒಂದು ಮಾತು ಸಾಕಿತ್ತು. ಬಾಯಿ ಬಿಟ್ರ ನನ್ನ ಲಂಗದ ಸುದ್ದಿ ಮತ್ತ ಎದ್ದು, ಓಣ್ಯಾಗ ಮತ್ತ ಮೂಗು ಮುಚ್ಚತಾರ ಅಂತ ಅಂಜಿದೆ. ನನ್ನ ಬಾಯಿ ಬೀಳ, ಒಂದು ಅಕ್ಷರ ಆಡಲಿಲ್ಲ. ಕಾಲು ಗಟ್ಟಿ ಹಿಡಿ ಅಂದ ಅಜ್ಜ. ಹಿಡದೆ.

ತಮ್ಮ ಉಳಕೊಂಡ. ಈಗ ಊರಾಗ ಕಮತ ಮಾಡಿಕೊಂಡು ಇದ್ದಾನ, ಅವನ ಮಕ್ಕಳು ಕಾಲೇಜಿಗೆ ಹೋಗ್ತಾರ. ಜಳಕಕ್ಕ ಅಂಗಿ ತಗದಾಗ ಹೊಟ್ಟಿ ಮ್ಯಾಲೆ ಮೂರು ಗೆರಿ ಕಾಣ್ತಾವು. "ಸಣ್ಣಾವಿದ್ದಾಗನ ಬೆಂಕಿ ಕಂಡಾವ ನಾನು, ನನಗ ಯಾರ ಅಂಜಿಕಿ?" ಅಂತ ನಗ್ತಾನ. ನಾ ನಗೂದಿಲ್ಲ. ನನ್ನ ಹೊಟ್ಟಿ ಮ್ಯಾಲೆ ಏನೂ ಇಲ್ಲ.

ಎರಡು ವರ್ಷದ ಹಿಂದ ಕಲಘಟಗಿಗೆ ಹೋಗಿದ್ದೆ, ಅಕ್ಕೋರನ್ನ ಹುಡುಕಾಕಂತನ. ಒಂದು ಸಾಲ್ಯಾಗ ಕೇಳಿದೆ, ಇನ್ನೊಂದರಾಗ ಕೇಳಿದೆ. ಅಷ್ಟು ಹಳಬರು ಈಗ ಯಾರೂ ಇಲ್ರಿ ಅಂದ್ರು. ಹಳೇ ಸಿಪಾಯಿ ಒಬ್ಬಾವ ಮಾತ್ರ, ಅಂಥಾವರೊಬ್ಬರು ಇದ್ರು, ತೀರಿಕೊಂಡ್ರು ಅಂತ ಕಾಣ್ತೈತಿ, ಬಾಳ ಸುಮ್ಮನಿರಾವರು ಅಂದ... ಅವರೋ, ಬ್ಯಾರೆ ಯಾರೋ. ಬಸ್ಸಿಗೆ ಕಾಯಾಕ ಹತ್ತಿದಾಗ ಅಳು ತಡೀಲಿಲ್ಲ, ಮಂದಿ ನೋಡಿದ್ರೂ ಅತ್ತೆ. ಅವತ್ತ ತನ್ನ ಕಾಲು ಹಿಡದಾಕಿ ಯಾರು ಅಂತ ನನ್ನ ತಮ್ಮಗ ಗೊತ್ತಿಲ್ಲ. ಅವಗ ಹೇಳಾಕ ನನಗ ಈಗೂ ಅಂಜಿಕಿ. ಅಕ್ಕೋರಿಗಾದ್ರ ಹೇಳತಿದ್ದೆ.