ಮುಚ್ಚಳ ಹಾಕಿದ ಮೇಲೆ

ನಮ್ಮವರು ಇಪ್ಪತ್ತೆರಡು ವರ್ಷದಿಂದ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧಕ್ಕರ್ಧ ಜನ ಮೇಲೆ ಹತ್ತುವುದೂ ಕೆಳಗೆ ಇಳಿಯುವುದೂ ತಮ್ಮ ದಯೆಯಿಂದಲೇ ಎಂಬ ನಂಬಿಕೆ ಅವರಿಗಿದೆ. ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯನ್ನು ಅಲ್ಲಾಡಿಸಿ ನೋಡುತ್ತಾರೆ. ಅಲ್ಲಾಡಿತೋ, ಜೇಬಿನಿಂದ ಸ್ಕ್ರೂಡ್ರೈವರ್ ಹೊರಬರುತ್ತದೆ. ನನ್ನ ತಂಗಿ ಹೊಸ ಮನೆ ನೋಡಲು ಕರೆದ ದಿನ ಅವಳ ಕಪಾಟಿನ ಬಾಗಿಲು ಬಿಚ್ಚಿಕೊಂಡು ಕೂತವರು, ಎಲ್ಲರ ಊಟ ಮುಗಿದ ಮೇಲೆ ಕೈ ತೊಳೆದರು.

ಇಂಥವರು ನನಗೊಂದು ಕಂಪ್ಯೂಟರ್ ಬೇಕಾದಾಗ ಅಂಗಡಿಯಿಂದ ತರಲು ಬಿಡುತ್ತಾರೆಯೇ? ನಾನು ಮನೆಯಲ್ಲೇ ಕೂತು ಆಸ್ಪತ್ರೆಯೊಂದರ ಸ್ಕ್ಯಾನ್ ವರದಿಗಳನ್ನು ಟೈಪ್ ಮಾಡುತ್ತೇನೆ. ಡಾಕ್ಟರುಗಳು ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತಾರೆ, ನಾನು ಕೇಳಿಕೊಂಡು ಅಕ್ಷರಕ್ಕಿಳಿಸುತ್ತೇನೆ. ಹದಿನಾರು ವರ್ಷ ಮನೆ ನೋಡಿಕೊಂಡಿದ್ದು, ಆಮೇಲೆ ಕಲಿತು, ಪರೀಕ್ಷೆ ಕೊಟ್ಟು, ನಾನಾಗಿಯೇ ಹುಡುಕಿಕೊಂಡ ಕೆಲಸ ಅದು.

"ಅಂಗಡಿಯವನು ಕೊಡೋದು ಬರೀ ಡಬ್ಬ ಕಣೇ. ನಾನು ಜೋಡಿಸಿಕೊಡ್ತೀನಿ, ಹತ್ತು ವರ್ಷ ತಿರುಗಿ ನೋಡ್ಬೇಕಾಗಿಲ್ಲ" ಎಂದರು.

ಬೋರ್ಡು ಒಂದು ಕಡೆಯಿಂದ, ಮೆಮೊರಿ ಇನ್ನೊಂದು ಕಡೆಯಿಂದ, ಎರಡು ಪರದೆ ಓಡಿಸಲು ಯಾರದೋ ಹಳೆಯ ಗ್ರಾಫಿಕ್ಸ್ ಕಾರ್ಡ್. ಎರಡು ಭಾನುವಾರ ಊಟದ ಮೇಜು ನಮ್ಮದಾಗಿರಲಿಲ್ಲ. ಕೊನೆಗೆ ಮುಚ್ಚಳ ಹಾಕಿ, ನಾಲ್ಕು ಸ್ಕ್ರೂ ಬಿಗಿದು, ಬಟ್ಟೆಯಿಂದ ಒರೆಸಿ ನನ್ನ ಮೇಜಿನ ಮೇಲಿಟ್ಟರು. ಹತ್ತು ವರ್ಷ ಹಾಗಿರಲಿ, ಹತ್ತು ದಿನಕ್ಕೆ ಅದು ಕೈಕೊಟ್ಟಿತು. ವರದಿಯೊಂದರ ಮಧ್ಯದಲ್ಲಿ ಎರಡೂ ಪರದೆ ಕಪ್ಪಾಗಿ, ಯಂತ್ರ ತಾನಾಗಿಯೇ ಮತ್ತೆ ಶುರುವಾಯಿತು. ಟೈಪ್ ಮಾಡಿದ್ದೆಲ್ಲ ಹೋಯಿತು.

ಅವತ್ತೇ ಹೇಳಿದೆ. ಅವರು ಬಿಚ್ಚಿದರು. ಊಟದ ಮೇಜಿನ ಮೇಲಿಟ್ಟು ಮೂರು ಗಂಟೆ ವಿಡಿಯೊ ಓಡಿಸಿದರು. ಅದು ಮಿಸುಕಾಡಲಿಲ್ಲ. "ಏನೂ ಆಗಿಲ್ವಲ್ಲೇ!" ಎಂದು ಮುಚ್ಚಳ ಹಾಕಿ ಕೊಟ್ಟರು. ಮರುದಿನ ನಲವತ್ತು ನಿಮಿಷಕ್ಕೆ ಮತ್ತೆ ಕಪ್ಪು.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಮೆಮೊರಿ ಬದಲಾಯಿತು. ಪವರ್ ಸಪ್ಲೈ ಬದಲಾಯಿತು. ವಿಂಡೋಸ್ ಅನ್ನು ಮೂರು ಸಲ ಅಳಿಸಿ ಹಾಕಿದರು, ಮೂರು ಸಲವೂ ನಾನು ಕೂಡಿಸಿಟ್ಟ ಡಾಕ್ಟರಿ ಪದಗಳ ಪಟ್ಟಿ ಅದರ ಜೊತೆ ಹೋಯಿತು. ಗೋಡೆಯ ಪ್ಲಗ್ ಪಾಯಿಂಟನ್ನೂ ಬಿಡಲಿಲ್ಲ. ಪ್ರತಿ ಸಲ ಊಟದ ಮೇಜಿನ ಮೇಲೆ ಅದು ಸಾಧುವಾಗಿ ಓಡುತ್ತಿತ್ತು, ನನ್ನ ಮುಂದೆ ಬಂದು ಕೂತರೆ ಅದಕ್ಕೆ ಹುಚ್ಚು ಹಿಡಿಯುತ್ತಿತ್ತು. ಹಾಗಾದರೆ ಉಳಿದದ್ದು ಯಾರು? ನಾನು.

"ನಿನ್ನ ಬಟ್ಟೆ ನೈಲಾನು. ಅದರಿಂದ ಕರೆಂಟ್ ಹುಟ್ಟುತ್ತೆ" ಎಂದರು. ಹತ್ತಿ ಬಟ್ಟೆ ಉಟ್ಟೆ. ಲಿಫ್ಟಿನ ಮೆಷಿನ್ ರೂಮಿನಲ್ಲಿ ಹಾಸುವಂಥ ರಬ್ಬರ್ ಚಾಪೆ ತಂದು ನನ್ನ ಕಾಲ ಕೆಳಗೆ ಹಾಸಿದರು. ಅತ್ತೆ ಬಾಗಿಲಲ್ಲಿ ನಿಂತು, "ಸ್ವಲ್ಪ ಮೆತ್ತಗೆ ಒತ್ತಮ್ಮ, ಅವನು ಓಡಿಸುವಾಗ ಚೆನ್ನಾಗೇ ಇರುತ್ತೆ" ಎಂದರು. ನಾಚಿಕೆಯಾಗುತ್ತದೆ ಹೇಳಲು, ನಾನು ಮೆತ್ತಗೆ ಒತ್ತತೊಡಗಿದೆ. ಮೇಜಿಗೆ ಮೊಣಕೈ ತಾಗಿದರೆ ಬೆಚ್ಚುತ್ತಿದ್ದೆ. ಇಡೀ ಜಗತ್ತು ಕಂಪ್ಯೂಟರ್ ಮುಟ್ಟುತ್ತದೆ, ನನ್ನ ಕೈಯಲ್ಲೇ ಏನೋ ದೋಷವಿರಬೇಕು ಎಂದು ನಿಜವಾಗಿ ನಂಬಿದ್ದೆ.

ನಾಲ್ಕನೆಯ ತಿಂಗಳಲ್ಲಿ, ಒಂದು ಗುರುವಾರ ಬೆಳಿಗ್ಗೆ ಅವರು ಮುಚ್ಚಳ ಬಿಚ್ಚಿ ಒಳಗಿನ ದೂಳು ತೆಗೆಯುತ್ತಿದ್ದಾಗ ಫೋನ್ ಬಂತು. ಎಲ್ಲೋ ಲಿಫ್ಟ್ ನಡುವೆ ನಿಂತು ಮೂವರು ಸಿಕ್ಕಿಕೊಂಡಿದ್ದರು. ನಮ್ಮವರು ಇದ್ದ ಹಾಗೇ ಓಡಿದರು. ನನಗೆ ಮಧ್ಯಾಹ್ನದೊಳಗೆ ವರದಿ ಕೊಡಬೇಕಿತ್ತು. ಹೊಟ್ಟೆ ಬಿರಿದುಕೊಂಡಿದ್ದ ಅದೇ ಪೆಟ್ಟಿಗೆಗೆ ವೈರುಗಳನ್ನು ಸಿಕ್ಕಿಸಿ ಕೂತೆ. ಆರು ಗಂಟೆ ಹೊತ್ತು ಒಮ್ಮೆಯೂ ಕಣ್ಣು ಮುಚ್ಚಲಿಲ್ಲ ಅದು.

ಸಂಜೆ ಬಂದವರು ಮೊದಲು ಮಾಡಿದ ಕೆಲಸ ಮುಚ್ಚಳ ಹಾಕಿದ್ದು. "ತೆರೆದ ಪೆಟ್ಟಿಗೆ ಕೊಟ್ಟು ಹೋದೆನಲ್ಲ, ಛೆ! ನಾನೆಂಥ ಮೆಕ್ಯಾನಿಕ್ಕು" ಎಂದು ತಮ್ಮನ್ನೇ ಬೈದುಕೊಂಡರು. ಶುಕ್ರವಾರ ಬೆಳಿಗ್ಗೆ ಮೂವತ್ತೆಂಟನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು.

"ರೀ, ಮುಚ್ಚಳ ಹಾಕಿದ್ರೆ ಮಾತ್ರ ಹೀಗಾಗುತ್ತೆ" ಎಂದೆ.

ಅವರು ನಕ್ಕುಬಿಟ್ಟರು. "ಅದು ಬರೀ ತಗಡು ಕಣೇ. ತಗಡಿಗೂ ಕಂಪ್ಯೂಟರ್‌ಗೂ ಏನು ಸಂಬಂಧ?"

ಆ ನಗುವಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾಕೆಂದರೆ ಅದೇ ಬೆಳಿಗ್ಗೆ ಆಸ್ಪತ್ರೆಯ ಮೇಲ್ವಿಚಾರಕಿಯಿಂದ ಎಚ್ಚರಿಕೆ ಪತ್ರ ಬಂದಿತ್ತು. ಸೋಮವಾರ ಹನ್ನೊಂದು ಗಂಟೆಯೊಳಗೆ ನಲವತ್ತು ವರದಿ ಸೇರದಿದ್ದರೆ ನನ್ನ ಕೆಲಸ ಬೇರೆಯವರಿಗೆ. ಪತ್ರವನ್ನು ನಮ್ಮವರಿಗೆ ತೋರಿಸಲಿಲ್ಲ.

ಭಾನುವಾರ ತಿಂಡಿ ಆದ ಮೇಲೆ ನನ್ನ ಕುರ್ಚಿ ಎಳೆದು, "ಕೂತ್ಕೊಳ್ಳಿ" ಎಂದೆ. "ಮುಚ್ಚಳ ಹಾಕಿದೆ. ಸ್ಕ್ರೂ ನೀವೇ ಬಿಗಿದದ್ದು. ಒಂದು ಗಂಟೆ ನೀವು ಓಡಿಸಿ. ನಾನು ಈ ಕೋಣೆಗೇ ಬರಲ್ಲ."

"ನಂಗೆ ಟೈಪಿಂಗ್ ಬರಲ್ವಲ್ಲೇ."

"ಎರಡು ಬೆರಳಿದೆಯಲ್ಲ, ಸಾಕು."

ಅವರು ಮುಖ ಊದಿಸಿಕೊಂಡರು. ಒಳಗಿನಿಂದ ಅತ್ತೆ, "ಕೂತ್ಕೊಳ್ಳೋ! ಲಿಫ್ಟಲ್ಲಿ ಸಿಕ್ಕಿಕೊಂಡೋರಿಗೂ ಹೀಗೇ ಅಂತೀಯಾ, ನಿಮ್ಮ ಬಟ್ಟೆ ಸರಿಯಿಲ್ಲ ಅಂತ?" ಎಂದರು. ಅತ್ತೆ ಯಾವಾಗ ನನ್ನ ಪಕ್ಷಕ್ಕೆ ಬಂದರೋ ದೇವರಿಗೇ ಗೊತ್ತು. ನಮ್ಮವರು ಕೂತರು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಗಡಿಯಾರ ನೋಡಿದಾಗ ಅರ್ಧ ಗಂಟೆಯಾಗಿತ್ತು. ಇನ್ನೂ ಐದು ನಿಮಿಷ ಕಳೆದ ಮೇಲೆ ಟಕಟಕ ಸದ್ದು ನಿಂತಿತು. ಅವರು ಕೂಗಲಿಲ್ಲ. ನಾನೇ ಕೈ ಒರೆಸಿಕೊಂಡು ಹೋದೆ.

ಎರಡೂ ಪರದೆ ಕಪ್ಪಾಗಿದ್ದವು. ಅವರು ಅದನ್ನು ನೋಡುತ್ತಿರಲಿಲ್ಲ. "ನೀನು ಹುಷಾರಿಲ್ಲ ಅಂತ ಯಾಕೆ ಬರೆದೆ?" ಎಂದರು.

ನನ್ನ ಮೇಲ್ ತೆರೆದೇ ಇತ್ತು. ಪರದೆ ಆರುವ ಮೊದಲು ಎಚ್ಚರಿಕೆ ಪತ್ರವನ್ನೂ, ಅದರ ಕೆಳಗೆ ನಾಲ್ಕು ತಿಂಗಳಿಂದ ನಾನು ಬರೆದ ಉತ್ತರಗಳನ್ನೂ ಓದಿದ್ದರು. ಒಮ್ಮೆ ಜ್ವರ, ಒಮ್ಮೆ ಬೆನ್ನುನೋವು, ಒಮ್ಮೆ ತಲೆಸುತ್ತು. ಆ ಉತ್ತರಗಳ ಪ್ರಕಾರ ನನಗೆ ಬಾರದ ಕಾಯಿಲೆಯೇ ಇಲ್ಲ.

"ಮತ್ತೇನಂತ ಬರೀಬೇಕಿತ್ತು? ನಮ್ಮ ಯಜಮಾನ್ರು ಮಾಡಿಕೊಟ್ಟ ಕಂಪ್ಯೂಟರ್ ಸರಿಯಿಲ್ಲ ಅಂತಲಾ?" ಎಂದೆ.

ಅವರು ಸ್ಕ್ರೂ ಬಿಚ್ಚಿದರು. ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಳಮೈಯಲ್ಲಿ ಬೆರಳಗಲದ ಒಂದು ಜಾಗ ಉಜ್ಜಿ ಉಜ್ಜಿ ಬಣ್ಣ ಹೋಗಿ ಹೊಳೆಯುತ್ತಿತ್ತು. ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಕೊಡುವ ಕೇಬಲ್ ಪೆಟ್ಟಿಗೆಯೊಳಗೆ ಅದೇ ಜಾಗಕ್ಕೆ ಎದುರಾಗಿ ಉಬ್ಬಿ ನಿಂತಿತ್ತು. ಮುಚ್ಚಳ ಹಾಕಿದಾಗ ತಗಡು ಅದನ್ನು ಒತ್ತುತ್ತಿತ್ತು, ಒತ್ತಿದ ಕೇಬಲ್ ಬಿಸಿಯಾಗುತ್ತಾ ಹಿಡಿತ ಸಡಿಲಿಸುತ್ತಿತ್ತು. ಬಿಚ್ಚಿ ಪರೀಕ್ಷೆ ಮಾಡುವ ಮನುಷ್ಯನಿಗೆ ಅದು ಜಪ್ಪಯ್ಯ ಅಂದರೂ ಸಿಗುವಂಥದ್ದಲ್ಲ.

ಭಾನುವಾರ ಮಧ್ಯಾಹ್ನದಿಂದಲೇ ತೆರೆದ ಪೆಟ್ಟಿಗೆಯ ಪಕ್ಕದಲ್ಲಿ ಕೂತು, ಕೀಲಿಗಳನ್ನು ಬೇಕಾದಷ್ಟು ಜೋರಾಗಿ ಒತ್ತಿ, ಸೋಮವಾರ ಹತ್ತೂ ಮುಕ್ಕಾಲಿಗೆ ನಲವತ್ತನೆಯ ವರದಿ ಕಳಿಸಿದೆ. ಮೇಲ್ವಿಚಾರಕಿ ಫೋನ್ ಮಾಡಿದರು. "ಇಷ್ಟು ಚೆನ್ನಾಗಿ ಮಾಡೋರು ಇಷ್ಟು ದಿನ ಯಾಕಮ್ಮ ಹಾಗೆ ಮಾಡಿದ್ರಿ? ಕಾಯಿಲೆ ಕಥೆ ಬೇಡ. ನಿಜವಾದ ಕಾರಣ ಬರೆದು ಕಳಿಸಿ, ಎಚ್ಚರಿಕೆ ಪತ್ರ ವಾಪಸ್ ತಗೊಳ್ತೀನಿ."

ಸಂಜೆ ನಮ್ಮವರಿಗೆ ಹೇಳಿದೆ. ಅವರು ಚೀಲದಿಂದ ಲಿಫ್ಟ್ ರಿಪೇರಿಯ ವರದಿ ಪುಸ್ತಕ ತೆಗೆದು ಊಟದ ಮೇಜಿಗೆ ಕೂತರು. ಕೆಲಸಕ್ಕೆ ಹೋದಲ್ಲೆಲ್ಲ ತುಂಬಿಸಿ ಸಹಿ ಹಾಕುವ ಪುಸ್ತಕ ಅದು. ದೂರು: ಮೂವತ್ತೈದರಿಂದ ನಲವತ್ತು ನಿಮಿಷಕ್ಕೆ ಯಂತ್ರ ನಿಲ್ಲುತ್ತದೆ. ಕಾರಣ: ಜೋಡಿಸಿದವನ ತಪ್ಪು, ಮುಚ್ಚಳ ಕೇಬಲನ್ನು ಒತ್ತುತ್ತಿತ್ತು. ಬಳಸುವವರ ತಪ್ಪು ಎಳ್ಳಷ್ಟೂ ಇಲ್ಲ. ಪರಿಹಾರ: ಮುಚ್ಚಳ ತೆಗೆಯಲಾಗಿದೆ. ಗುಂಡಗಿನ ಅಕ್ಷರದಲ್ಲಿ ಬರೆದು ನನ್ನ ಕಡೆ ತಳ್ಳಿದರು.

ಓದಿದೆ. ದೂರು ಬಂದ ದಿನಾಂಕ ಎಂಬಲ್ಲಿ ಹಿಂದಿನ ದಿನದ ಭಾನುವಾರದ ತಾರೀಖು ಹಾಕಿದ್ದರು. ಪೆನ್ನು ಕಸಿದುಕೊಂಡು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ನಾಲ್ಕು ತಿಂಗಳ ಹಿಂದೆ ನಾನು ಮೊದಲ ಸಲ ಹೇಳಿದ ದಿನದ ತಾರೀಖು ಬರೆದೆ.

ಅವರು ಆ ತಾರೀಖು ನೋಡಿದರು. ತಿದ್ದಿದ ಕಡೆ ಕೆಲಸ ಮಾಡಿದವನ ಸಹಿ ಇರಲೇಬೇಕೆಂಬುದು ಅವರ ಕಂಪನಿಯ ನಿಯಮ. ಪೆನ್ನು ಕೊಡು ಎಂದು ಕೈ ಚಾಚಿದರು, ಅಲ್ಲಿ ಸಹಿ ಹಾಕಿದರು.